ಕಸುಬು ಕಲಿಸಿದ ದಿವಾನರು

ಮಕ್ಕಳೇ, ಇಂದು ಶಾಲೆಗೆ ಬರುವ ಮೊದಲು ನೀವು ಏನೇನು ಮುಟ್ಟಿದಿರಿ? ಒಮ್ಮೆ ನೆನಪು ಮಾಡಿಕೊಳ್ಳಿರಿ. ಹೊದ್ದುಕೊಂಡ ಚಾದರ, ಬಾಗಿಲಿನ ಚಿಲಕ, ನೀರಿನ ನಳ, ಮೈಗೆ ಹಚ್ಚಿದ ಸಾಬೂನು, ಬರುವಾಗ ಏರಿದ ಸೈಕಲ್ಲು ಅಥವಾ ಬಸ್ಸು. ಇವುಗಳಲ್ಲಿ ಒಂದೂ ತಾನಾಗಿ ಹುಟ್ಟಲಿಲ್ಲ. ಯಾರೋ ಚಾದರ ನೇಯ್ದರು. ಯಾರೋ ಕಬ್ಬಿಣ ಕಾಯಿಸಿ ಚಿಲಕ ಮಾಡಿದರು. ಯಾರೋ ನಳ ಜೋಡಿಸಿದರು. ಅವರೆಲ್ಲರಿಗೂ ಒಂದೊಂದು ಕಸುಬು ಗೊತ್ತಿತ್ತು. ಆ ಕಸುಬನ್ನು ಅವರಿಗೆ ಯಾರೋ ಕಲಿಸಿದ್ದರು.

ಹಿಂದಿನ ಕಾಲದಲ್ಲಿ ಕಸುಬು ಮನೆಯಲ್ಲಿಯೇ ಸಿಗುತ್ತಿತ್ತು. ಬಡಗಿಯ ಮಗ ತಂದೆಯ ಉಳಿ ಹಿಡಿದು ಬಡಗಿಯಾಗುತ್ತಿದ್ದ. ನೇಕಾರರ ಮಕ್ಕಳು ಮಗ್ಗದ ಪಕ್ಕದಲ್ಲಿಯೇ ಆಡುತ್ತ ನೇಯ್ಗೆ ಕಲಿಯುತ್ತಿದ್ದರು. ಆದರೆ ಯಂತ್ರಗಳು ಬಂದವು. ರೈಲು ಬಂತು, ಗಿರಣಿ ಬಂತು, ವಿದ್ಯುತ್ತು ಬಂತು. ಈ ಹೊಸ ಕೆಲಸಗಳು ಯಾರ ಮನೆಯಲ್ಲಿಯೂ ಇರಲಿಲ್ಲ. ಹಾಗಾದರೆ ಅವುಗಳನ್ನು ಮಕ್ಕಳಿಗೆ ಕಲಿಸುವವರು ಯಾರು? ಹೊಲದಲ್ಲಿ ದುಡಿಯುವ ರೈತನ ಮಗನಿಗೆ ಯಂತ್ರದ ಕೆಲಸ ಎಲ್ಲಿ ಸಿಗಬೇಕು?

ಈ ಪ್ರಶ್ನೆಯನ್ನು ತಮ್ಮ ಜೀವನದುದ್ದಕ್ಕೂ ಬಿಡದೆ ಹಿಡಿದವರೊಬ್ಬರಿದ್ದರು. ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ದೊಡ್ಡ ಅಣೆಕಟ್ಟು ಕಟ್ಟಿದ ಇಂಜಿನಿಯರ್ ಎಂದು ನೀವು ಅವರ ಹೆಸರನ್ನು ಕೇಳಿರಬಹುದು. ಈ ಪಾಠದಲ್ಲಿ ಅವರ ಇನ್ನೊಂದು ಕೆಲಸವನ್ನು ತಿಳಿದುಕೊಳ್ಳೋಣ. ಅವರು ಕಲ್ಲು ಗಾರೆಯ ಅಣೆಕಟ್ಟನ್ನು ಕಟ್ಟಿದಷ್ಟೇ ಶ್ರದ್ಧೆಯಿಂದ ಕಸುಬು ಬಲ್ಲ ಜನರನ್ನು ತಯಾರು ಮಾಡುವ ಶಾಲೆಗಳನ್ನೂ ಕಟ್ಟಿದರು.

ಕರ್ನಾಟಕದ ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ ಎಂಬ ಸಣ್ಣ ಊರಿದೆ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಅಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲ ಪಂಡಿತರು. ಮನೆಯಲ್ಲಿ ವಿದ್ಯೆ ಇತ್ತು, ಹಣ ಇರಲಿಲ್ಲ. ವಿಶ್ವೇಶ್ವರಯ್ಯನವರು ಇನ್ನೂ ಹುಡುಗರಾಗಿದ್ದಾಗಲೇ ತಂದೆ ತೀರಿಕೊಂಡರು. ಮುಂದೆ ಓದಲು ಅವರು ಬೆಂಗಳೂರಿಗೆ ಸೋದರಮಾವ ರಾಮಯ್ಯನವರ ಆಸರೆಗೆ ಬಂದರು. ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಓದಿನ ಖರ್ಚನ್ನು ತಾವೇ ದುಡಿದುಕೊಂಡರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು.

ಅವರಿಗೆ ಇಂಜಿನಿಯರ್ ಆಗುವ ಆಸೆ. ಆದರೆ ಆಗ ಮೈಸೂರು ಸಂಸ್ಥಾನದಲ್ಲಿ ಒಂದೇ ಒಂದು ಇಂಜಿನಿಯರಿಂಗ್ ಕಾಲೇಜೂ ಇರಲಿಲ್ಲ. ದೂರದ ಪುಣೆಗೆ ಹೋಗಬೇಕು. ಅದಕ್ಕೆ ಹಣ ಬೇಕು. ಆಗ ಮೈಸೂರು ಸರ್ಕಾರ ಅವರಿಗೆ ವಿದ್ಯಾರ್ಥಿವೇತನ ಕೊಟ್ಟಿತು. ಆ ಹಣದ ಬಲದಿಂದ ಅವರು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ಪಾಸಾದರು.

ಮಕ್ಕಳೇ, ಈ ಮಾತನ್ನು ನೆನಪಿನಲ್ಲಿಡಿರಿ. ಒಬ್ಬ ಬಡ ಹುಡುಗನಿಗೆ ಕೆಲಸ ಕಲಿಯಲು ಸರ್ಕಾರ ಸ್ವಲ್ಪ ಹಣ ಕೊಟ್ಟಿತು. ಆ ಹಣ ಮುಂದೆ ಎಷ್ಟು ಪಾಲಾಗಿ ತಿರುಗಿ ಬಂತು ಎಂಬುದನ್ನು ನೀವೇ ನೋಡುವಿರಿ.

1884ರಲ್ಲಿ ಅವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು. ಮೊದಲು ನಾಸಿಕದಲ್ಲಿ, ಆಮೇಲೆ ಖಾನದೇಶ, ಪುಣೆ ಮುಂತಾದ ಕಡೆ ಕೆಲಸ ಮಾಡಿದರು. ನಮ್ಮ ಮಹಾರಾಷ್ಟ್ರದ ನೆಲದಲ್ಲಿಯೇ ಅವರು ತಮ್ಮ ವಿದ್ಯೆಯನ್ನು ಕಲಿತರು ಮತ್ತು ಬಳಸಿದರು. ಪುಣೆಯ ಹತ್ತಿರದ ಖಡಕವಾಸಲಾ ಜಲಾಶಯಕ್ಕೆ ಅವರು ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ರೂಪಿಸಿ 1903ರಲ್ಲಿ ಅಳವಡಿಸಿದರು.

ಕೆಲಸದ ನಡುವೆ 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನ್ ದೇಶಕ್ಕೆ ಹೋಗಿಬಂದರು. ಜಪಾನ್ ಚಿಕ್ಕ ದೇಶ. ಕೆಲವೇ ವರ್ಷಗಳ ಹಿಂದೆ ಅಲ್ಲಿಯೂ ಹೊಸ ಯಂತ್ರಗಳ ವಿದ್ಯೆ ಇರಲಿಲ್ಲ. ಆದರೆ ಅವರು ಹೋದಾಗ ಅಲ್ಲಿ ಹಳ್ಳಿಹಳ್ಳಿಗೆ ಶಾಲೆಗಳಿದ್ದವು, ಕಸುಬು ಕಲಿಸುವ ಶಾಲೆಗಳೂ ಇದ್ದವು. ಅಲ್ಲಿನ ಜನ ತಮಗೆ ಬೇಕಾದ ಯಂತ್ರಗಳನ್ನು ತಾವೇ ಮಾಡಲು ಕಲಿಯುತ್ತಿದ್ದರು. ಅಲ್ಲಿನ ಸರ್ಕಾರ ಮೊದಲು ಕಲಿಸುವುದಕ್ಕೆ ಖರ್ಚು ಮಾಡಿತ್ತು. ಜನ ಕಲಿತ ಮೇಲೆ ದೇಶ ತಾನಾಗಿ ಮೇಲೆ ಬಂದಿತ್ತು. ಇದು ವಿಶ್ವೇಶ್ವರಯ್ಯನವರ ಮನಸ್ಸಿನಲ್ಲಿ ಆಳವಾಗಿ ನಾಟಿತು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಹೋದರು. ತಮಗೆ ವಿದ್ಯಾರ್ಥಿವೇತನ ಕೊಟ್ಟ ನಾಡಿಗೆ ತಿರುಗಿ ಬಂದಂತಾಯಿತು. ಅಲ್ಲಿ ಅವರಿಗೆ ಕಂಡದ್ದೇನು? ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಹೆಚ್ಚಿನವರು ಮಳೆಯನ್ನು ನಂಬಿದ ಬೇಸಾಯಗಾರರು. ಮಳೆ ತಪ್ಪಿದರೆ ಹೊಟ್ಟೆಗಿಲ್ಲ, ಬೇರೆ ಕೆಲಸವೂ ಗೊತ್ತಿಲ್ಲ. ಶಾಲೆ ಕಲಿತ ಕೆಲವರಿಗೆ ಕಚೇರಿಯಲ್ಲಿ ಕಾರಕೂನರಾಗುವುದೇ ದೊಡ್ಡ ಆಸೆ. ಯಂತ್ರಗಳು ಪರದೇಶದಿಂದ ಬರುತ್ತಿದ್ದವು. ಯಂತ್ರ ಕೆಟ್ಟರೆ ಸರಿಮಾಡುವವರೂ ಹೊರಗಿನಿಂದಲೇ ಬರಬೇಕಾಗಿತ್ತು.

1911ರಲ್ಲಿ ಕಾವೇರಿ ನದಿಗೆ ಅಡ್ಡಲಾಗಿ ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ ಆರಂಭವಾಯಿತು. ಅದೇ ವರ್ಷ ಮೈಸೂರಿನಲ್ಲಿ ಇನ್ನೊಂದು ಕೆಲಸವೂ ಆರಂಭವಾಯಿತು. ಅದು ಅಣೆಕಟ್ಟಿನಂತೆ ಕಣ್ಣಿಗೆ ಕಾಣುವಂಥದಲ್ಲ. ವಿಶ್ವೇಶ್ವರಯ್ಯನವರ ಸಲಹೆಯಂತೆ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಆರ್ಥಿಕ ಪರಿಷತ್ತು ಎಂಬ ಸಭೆಯನ್ನು ಆರಂಭಿಸಿದರು. ಅದರಲ್ಲಿ ಅಧಿಕಾರಿಗಳೂ ಇದ್ದರು, ಊರಿನ ಪ್ರಮುಖರೂ ಇದ್ದರು. ನಾಡಿನ ಜನರ ಬಾಳು ಸುಧಾರಿಸುವುದು ಹೇಗೆ ಎಂದು ಅವರು ಕೂಡಿ ವಿಚಾರ ಮಾಡಬೇಕಾಗಿತ್ತು. ಅದಕ್ಕಾಗಿ ಮೂರು ಸಮಿತಿಗಳಾದವು. ಒಂದು ಶಿಕ್ಷಣಕ್ಕೆ, ಒಂದು ಬೇಸಾಯಕ್ಕೆ, ಒಂದು ಕೈಗಾರಿಕೆ ಮತ್ತು ವ್ಯಾಪಾರಕ್ಕೆ.

ಇದಕ್ಕೆ ಯೋಜನೆ ಎನ್ನುತ್ತಾರೆ. ಯೋಜನೆ ಎಂದರೆ ಏನೆಂದು ತಿಳಿಯಲು ನಿಮ್ಮ ಮನೆಯ ಮದುವೆಯನ್ನು ನೆನೆಸಿಕೊಳ್ಳಿರಿ. ಊಟಕ್ಕೆ ಎಷ್ಟು ಜನ ಬರುತ್ತಾರೆಂದು ಹಿರಿಯರು ಮೊದಲು ಎಣಿಸುತ್ತಾರೆ. ಅದಕ್ಕೆ ತಕ್ಕಂತೆ ಅಕ್ಕಿ ಬೇಳೆ ತರುತ್ತಾರೆ, ಅಡುಗೆಯವರನ್ನು ಗೊತ್ತು ಮಾಡುತ್ತಾರೆ. ಜನ ಬಂದು ಪಂಕ್ತಿಯಲ್ಲಿ ಕುಳಿತ ಮೇಲೆ ಅಕ್ಕಿ ತರಲು ಓಡಿದರೆ ಆಗುವುದೇ? ನಾಡಿನ ಕೆಲಸವೂ ಹಾಗೆಯೇ. ನಾಳೆ ಕಾರ್ಖಾನೆ ಬರುವುದಾದರೆ ಅಲ್ಲಿ ದುಡಿಯಬಲ್ಲವರು ಇಂದೇ ತಯಾರಾಗಬೇಕು. ಯಾವ ಕೆಲಸಕ್ಕೆ ಎಷ್ಟು ಜನ ಬೇಕು, ಅವರಿಗೆ ಎಲ್ಲಿ ಕಲಿಸಬೇಕು, ಯಾರು ಕಲಿಸಬೇಕು, ಕಲಿತವರಿಗೆ ಕೆಲಸ ಎಲ್ಲಿ ಸಿಗುತ್ತದೆ ಎಂಬ ನಾಲ್ಕು ಮಾತುಗಳನ್ನೂ ಮೊದಲೇ ಯೋಚಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉಳಿದವು ವ್ಯರ್ಥ.

1912ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ದಿವಾನರೆಂದರೆ ಸಂಸ್ಥಾನದ ಮುಖ್ಯ ಮಂತ್ರಿ ಇದ್ದಂತೆ. ಈಗ ಯೋಚಿಸಿದ್ದನ್ನು ನಡೆಸುವ ಅಧಿಕಾರ ಅವರ ಕೈಗೆ ಬಂತು. ಅವರು ಕೆಳಗಿನ ಮೆಟ್ಟಿಲಿನಿಂದಲೇ ಆರಂಭಿಸಿದರು. ಅಕ್ಷರ ಬಾರದವನಿಗೆ ಯಂತ್ರದ ನಕ್ಷೆ ಓದಲು ಬಾರದು. ಆದ್ದರಿಂದ ಮೊದಲು ಪ್ರಾಥಮಿಕ ಶಾಲೆಗಳು ಬೇಕು. ಅವರ ಆರು ವರ್ಷಗಳ ಆಡಳಿತದಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ ಸುಮಾರು 10,500ಕ್ಕೆ ಏರಿತು.

ಅದರ ಮೇಲಿನ ಮೆಟ್ಟಿಲು ಕಸುಬಿನ ಶಾಲೆ. 1913ರಲ್ಲಿ ಬೆಂಗಳೂರಿನ ಹತ್ತಿರ ಹೆಬ್ಬಾಳದಲ್ಲಿ ಬೇಸಾಯ ಕಲಿಸುವ ಶಾಲೆ ಆರಂಭವಾಯಿತು. ಬೆಂಗಳೂರಿನಲ್ಲಿ ಯಂತ್ರಗಳ ವಿದ್ಯೆ ಕಲಿಸುವ ಶಾಲೆ ನಡೆಯಿತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಮರಗೆಲಸ, ಕೆತ್ತನೆ ಮುಂತಾದ ಕಸುಬುಗಳನ್ನು ಕಲಿಸುತ್ತಿದ್ದರು. ಜಿಲ್ಲೆಗಳಲ್ಲಿಯೂ ಕೈಗಾರಿಕಾ ಶಾಲೆಗಳು ತೆರೆದವು. ರೇಷ್ಮೆ ಬೆಳೆಗಾರರಿಗೆ ಹೊಸ ರೀತಿ ತೋರಿಸಲು ಜಪಾನಿನಿಂದ ತಜ್ಞರನ್ನು ಕರೆಸಲಾಯಿತು. ಇನ್ನೂ ಮೇಲಿನ ಮೆಟ್ಟಿಲು ಉಚ್ಚ ಶಿಕ್ಷಣ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಆ ವಿದ್ಯೆಗಾಗಿ ತಾವು ಊರು ಬಿಟ್ಟು ಪುಣೆಗೆ ಹೋಗಬೇಕಾಗಿದ್ದ ದಿನ ಅವರಿಗೆ ನೆನಪಿರಲೇಬೇಕಲ್ಲವೇ? ಇನ್ನು ಮೇಲೆ ಮೈಸೂರಿನ ಹುಡುಗರಿಗೆ ಆ ವಿದ್ಯೆ ತಮ್ಮ ನಾಡಿನಲ್ಲಿಯೇ ಸಿಗುವಂತಾಯಿತು.

ಕಲಿಕೆ ಮತ್ತು ಕೆಲಸ ಹೇಗೆ ಕೂಡಿಕೊಳ್ಳುತ್ತವೆ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ಗಂಧದ ಸಾಬೂನು. ಮೈಸೂರಿನ ಕಾಡುಗಳಲ್ಲಿ ಶ್ರೀಗಂಧದ ಮರಗಳು ಹೇರಳ. ಆ ಕಟ್ಟಿಗೆಯನ್ನು ಹಡಗಿನಲ್ಲಿ ಜರ್ಮನಿ ಮುಂತಾದ ದೇಶಗಳಿಗೆ ಕಳಿಸುತ್ತಿದ್ದರು. ಅಲ್ಲಿನವರು ಅದರಿಂದ ಎಣ್ಣೆ ತೆಗೆಯುತ್ತಿದ್ದರು. ಮರ ನಮ್ಮದು, ಎಣ್ಣೆ ತೆಗೆಯುವ ವಿದ್ಯೆ ಅವರದು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಹಡಗುಗಳ ಓಡಾಟ ಕಷ್ಟವಾಯಿತು. ಗಂಧದ ಕಟ್ಟಿಗೆ ಕೊಳ್ಳುವವರಿಲ್ಲದೆ ರಾಶಿ ಬಿತ್ತು.

ದಿವಾನರು ಕೈಕಟ್ಟಿ ಕೂಡಲಿಲ್ಲ. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ಸಹಾಯದಿಂದ ಎಣ್ಣೆ ತೆಗೆಯುವ ರೀತಿಯನ್ನು ಇಲ್ಲಿಯೇ ಕಂಡುಕೊಳ್ಳಲಾಯಿತು. 1916ರಲ್ಲಿ ಗಂಧದ ಎಣ್ಣೆಯ ಕಾರ್ಖಾನೆ ಆರಂಭವಾಯಿತು. ಎಣ್ಣೆ ಬಂತು, ಆದರೆ ಅದರಿಂದ ಸಾಬೂನು ಮಾಡುವವರು ಬೇಕಲ್ಲ? ಅದಕ್ಕಾಗಿ ಎಸ್. ಜಿ. ಶಾಸ್ತ್ರಿ ಎಂಬ ತರುಣ ರಸಾಯನ ಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳಿಸಿ ಆ ವಿದ್ಯೆಯನ್ನು ಕಲಿಸಿದರು. ಅವರು ಕಲಿತು ತಿರುಗಿ ಬಂದು ಮೈಸೂರಿನ ಗಂಧದ ಸಾಬೂನನ್ನು ರೂಪಿಸಿದರು. ಜನ ಅವರನ್ನು ಪ್ರೀತಿಯಿಂದ ಸೋಪ್ ಶಾಸ್ತ್ರಿ ಎಂದೇ ಕರೆದರು. ನೂರು ವರ್ಷಗಳು ಕಳೆದರೂ ಆ ಸಾಬೂನು ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ನೋಡಿರಿ, ಮರ ಮೊದಲೂ ಇತ್ತು. ಇರದಿದ್ದುದು ವಿದ್ಯೆ. ಕಟ್ಟಿಗೆಗೆ ವಿದ್ಯೆ ಸೇರಿದ ಮೇಲೆ ನೂರಾರು ಮನೆಗಳಿಗೆ ಅನ್ನ ಸಿಕ್ಕಿತು.

ಆದರೆ ಎಲ್ಲವೂ ಅವರು ಬಯಸಿದಂತೆಯೇ ನಡೆಯಲಿಲ್ಲ. ಆಗ ಸರ್ಕಾರಿ ನೌಕರಿಗಳು ಬಹುತೇಕ ಕೆಲವೇ ಜಾತಿಯವರ ಪಾಲಾಗಿದ್ದವು. ಹಿಂದುಳಿದವರಿಗೂ ಅವುಗಳಲ್ಲಿ ಪಾಲು ಸಿಗಬೇಕೆಂದು ಜನ ಕೇಳಿದರು. ಮಹಾರಾಜರಿಗೂ ಅದು ನ್ಯಾಯವೆನಿಸಿತು. ಅದನ್ನು ಮಾಡುವ ರೀತಿಯಲ್ಲಿ ದಿವಾನರ ಅಭಿಪ್ರಾಯ ಬೇರೆಯಾಗಿತ್ತು. ವಿದ್ಯೆಯನ್ನು ಎಲ್ಲರಿಗೂ ಹಂಚಿದರೆ ಸಾಕು, ನೌಕರಿಗೆ ಅರ್ಹತೆಯೊಂದನ್ನೇ ನೋಡಬೇಕು ಎಂಬುದು ಅವರ ನಿಲುವು. ಈ ಭಿನ್ನಾಭಿಪ್ರಾಯದಿಂದ ಅವರು 1918ರ ಕೊನೆಗೆ ದಿವಾನಗಿರಿಯನ್ನು ಬಿಡಲು ನಿರ್ಧರಿಸಿದರು. ಮಹಾರಾಜರು ತಮ್ಮ ದಾರಿಯಲ್ಲಿ ಮುಂದೆ ನಡೆದರು. ಮುಂದೆ ಸ್ವತಂತ್ರ ಭಾರತದ ಸಂವಿಧಾನವೂ ಹಿಂದುಳಿದವರಿಗೆ ಆ ಪಾಲನ್ನು ಕೊಡಲು ಅವಕಾಶ ಮಾಡಿತು. ದೊಡ್ಡವರೆಲ್ಲರೂ ಎಲ್ಲ ಮಾತಿನಲ್ಲಿಯೂ ಒಂದೇ ರೀತಿ ಯೋಚಿಸುವುದಿಲ್ಲ. ಒಳ್ಳೆಯ ಕೆಲಸಕ್ಕೆ ಹಲವರ ಯೋಚನೆ ಸೇರಬೇಕಾಗುತ್ತದೆ.

ಅಧಿಕಾರ ಹೋದರೂ ಅವರ ಪ್ರಶ್ನೆ ಅವರನ್ನು ಬಿಡಲಿಲ್ಲ. 1921ರಲ್ಲಿ ಮುಂಬಯಿ ಸರ್ಕಾರ ತಾಂತ್ರಿಕ ಮತ್ತು ಔದ್ಯೋಗಿಕ ಶಿಕ್ಷಣದ ಬಗ್ಗೆ ವಿಚಾರ ಮಾಡಲು ಒಂದು ಸಮಿತಿಯನ್ನು ನೇಮಿಸಿತು. ಅದಕ್ಕೆ ವಿಶ್ವೇಶ್ವರಯ್ಯನವರೇ ಅಧ್ಯಕ್ಷರಾದರು. ಆಗ ನಮ್ಮ ಸೊಲ್ಲಾಪುರವೂ ಮುಂಬಯಿ ಪ್ರಾಂತದಲ್ಲಿಯೇ ಇತ್ತು. ಸೊಲ್ಲಾಪುರ, ಮುಂಬಯಿಯಂಥ ಊರುಗಳಲ್ಲಿ ದೊಡ್ಡ ದೊಡ್ಡ ಬಟ್ಟೆ ಗಿರಣಿಗಳಿದ್ದವು. ಗಿರಣಿಗಳಲ್ಲಿ ಸಾವಿರಾರು ಕಾರ್ಮಿಕರು ದುಡಿಯುತ್ತಿದ್ದರು. ಆದರೆ ಕೆಲಸವನ್ನು ಕ್ರಮವಾಗಿ ಕಲಿಸುವ ಶಾಲೆಗಳು ಬಹಳ ಕಡಿಮೆ. ಸಮಿತಿಯ ಸದಸ್ಯರಲ್ಲಿ ಒಮ್ಮತ ಮೂಡಲಿಲ್ಲ, ಎರಡು ಬೇರೆ ಬೇರೆ ವರದಿಗಳಾದವು. ಆದರೂ ಕಸುಬು ಕಲಿಸುವುದು ಸರ್ಕಾರದ ಹೊಣೆ ಎಂಬ ಮಾತು ಈ ಪ್ರಾಂತದಲ್ಲಿ ಚರ್ಚೆಗೆ ಬಂತು.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನೋಡಿಕೊಳ್ಳುವ ಹೊಣೆ ಅವರ ಮೇಲೆ ಬಿತ್ತು. ಕಾರ್ಖಾನೆ ನಷ್ಟದಲ್ಲಿತ್ತು. ಹೆಚ್ಚು ಸಂಬಳ ಪಡೆಯುವ ಹೊರದೇಶದ ತಜ್ಞರು ಅಲ್ಲಿದ್ದರು. ವಿಶ್ವೇಶ್ವರಯ್ಯನವರು ಖರ್ಚು ಇಳಿಸಿದರು. ನಮ್ಮ ದೇಶದ ಇಂಜಿನಿಯರುಗಳಿಗೆ ಕೆಲಸ ಕಲಿಸಿ ಅವರ ಕೈಗೇ ಕಾರ್ಖಾನೆಯನ್ನು ಒಪ್ಪಿಸಿದರು. ನಮ್ಮವರಿಂದ ಇದು ಆಗದು ಎಂದು ಹೇಳುತ್ತಿದ್ದವರು ಸುಮ್ಮನಾದರು.

1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಹೇಗಿರಬೇಕೆಂದು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಹತ್ತು ವರ್ಷಗಳ ಯೋಜನೆಯೊಂದನ್ನು ಅದರಲ್ಲಿ ವಿವರಿಸಿದರು. ಎಲ್ಲರೂ ಹೊಲವೊಂದನ್ನೇ ನಂಬಿದರೆ ಬಡತನ ಹೋಗದು, ಕೆಲವರು ಕೈಗಾರಿಕೆಗಳಿಗೆ ಬರಬೇಕು, ಅದಕ್ಕೆ ಬೇಕಾದ ವಿದ್ಯೆಯನ್ನು ಅವರಿಗೆ ಕೊಡಬೇಕು ಎಂಬುದು ಅದರ ಸಾರ. ಆಗ ನಮ್ಮ ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನಮ್ಮ ದೇಶದ ಮೊದಲನೆಯ ಪಂಚವಾರ್ಷಿಕ ಯೋಜನೆ 1951ರಲ್ಲಿ ಆರಂಭವಾಯಿತು. ಅದಕ್ಕಿಂತ ಹದಿನೇಳು ವರ್ಷ ಮೊದಲೇ ಅವರು ಅಂಥದೊಂದು ದಾರಿಯನ್ನು ತೋರಿಸಿದ್ದರು.

ಈಗ ಆರಂಭದ ವಿದ್ಯಾರ್ಥಿವೇತನದ ಮಾತಿಗೆ ಬರೋಣ. ಭದ್ರಾವತಿಯಲ್ಲಿ ಮಾಡಿದ ಕೆಲಸಕ್ಕಾಗಿ ಸರ್ಕಾರದಿಂದ ವಿಶ್ವೇಶ್ವರಯ್ಯನವರಿಗೆ ದೊಡ್ಡ ಮೊತ್ತದ ಹಣ ಬರಬೇಕಾಗಿತ್ತು. ಅದನ್ನು ಅವರು ತಮಗಾಗಿ ಇಟ್ಟುಕೊಳ್ಳಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಒಂದು ಸಂಸ್ಥೆಯನ್ನು ಕಟ್ಟಲು ಅದನ್ನು ಬಳಸಬೇಕೆಂದು ಕೇಳಿಕೊಂಡರು. ಸಂಸ್ಥೆಗೆ ಅವರ ಹೆಸರಿಡುವ ಮಾತು ಬಂದಾಗ ಅದಕ್ಕೂ ಒಪ್ಪಲಿಲ್ಲ. ಆಗಿನ ಮಹಾರಾಜರ ಹೆಸರಿಡುವಂತೆ ಸೂಚಿಸಿದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ಆರಂಭವಾಯಿತು. ಇಂದು ಅದು ಸರ್ಕಾರಿ ಪಾಲಿಟೆಕ್ನಿಕ್ ಆಗಿದೆ.

ಅಲ್ಲಿ ಕಲಿಸಿದ ವಿದ್ಯೆಗಳಲ್ಲಿ ಸಿನಿಮಾ ಛಾಯಾಗ್ರಹಣವೂ ಒಂದು. ಮೊದಲ ವರ್ಷಗಳಲ್ಲಿ ಅಲ್ಲಿಗೆ ಬಂದ ವಿದ್ಯಾರ್ಥಿಗಳಲ್ಲಿ ಮೈಸೂರಿನ ವಿ. ಕೆ. ಮೂರ್ತಿಯವರು ಒಬ್ಬರು. ಕ್ಯಾಮರಾ ಹಿಡಿಯಲು ಅಲ್ಲಿ ಕಲಿತ ಅವರು ಮುಂಬಯಿಗೆ ಬಂದರು. 1959ರ ಕಾಗಜ್ ಕೆ ಫೂಲ್ ಮುಂತಾದ ಹೆಸರಾದ ಹಿಂದಿ ಚಿತ್ರಗಳಿಗೆ ಛಾಯಾಗ್ರಾಹಕರಾದರು. ಮುಂದೆ ಅವರಿಗೆ 2008ರ ಸಾಲಿನ ದಾದಾಸಾಹೇಬ ಫಾಳಕೆ ಪ್ರಶಸ್ತಿ ದೊರೆಯಿತು. ಒಬ್ಬ ಹುಡುಗ ಸರ್ಕಾರದ ಹಣದಿಂದ ಮೈಸೂರು ನಾಡಿನಿಂದ ಪುಣೆಗೆ ಹೋಗಿ ಕಲಿತಿದ್ದ. ಅವನು ಬೆಳೆದು ದೊಡ್ಡವನಾಗಿ ಬಿಟ್ಟುಕೊಟ್ಟ ಹಣದಿಂದ ಎಷ್ಟೋ ಹುಡುಗರು ಕಲಿತು ದೇಶದ ಎಲ್ಲ ಕಡೆಗೂ ಹೋದರು.

1955ರಲ್ಲಿ ಭಾರತ ಸರ್ಕಾರ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ನೀಡಿ ಗೌರವಿಸಿತು. 1960ರಲ್ಲಿ ಅವರ ಜನ್ಮ ಶತಾಬ್ದಿಗಾಗಿ ಅಂಚೆ ಚೀಟಿ ಹೊರಬಂತು. ವಯಸ್ಸು ತೊಂಬತ್ತು ತುಂಬಿದಾಗಲೂ ಅವರು ಹಳ್ಳಿಗಳಲ್ಲಿ ಸಣ್ಣ ಕೈಗಾರಿಕೆಗಳನ್ನು ಬೆಳೆಸುವ ಬಗ್ಗೆ ಬರೆಯುತ್ತಿದ್ದರು, ಹೇಳುತ್ತಿದ್ದರು. 1962ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ನಾವು ಇಂಜಿನಿಯರುಗಳ ದಿನವೆಂದು ಆಚರಿಸುತ್ತೇವೆ.

ಮಕ್ಕಳೇ, 1950ರಲ್ಲಿ ನಮ್ಮ ದೇಶದ ಸರ್ಕಾರ ಕುಶಲ ಕೆಲಸಗಾರರನ್ನು ತರಬೇತು ಮಾಡುವ ಯೋಜನೆಯನ್ನು ಆರಂಭಿಸಿತು. ಅದರಿಂದಲೇ ಐ.ಟಿ.ಐ. ಎಂಬ ಸಂಸ್ಥೆಗಳು ಬೆಳೆದವು. ಸೊಲ್ಲಾಪುರದಲ್ಲಿಯೂ ಅಂಥ ಸಂಸ್ಥೆ ಇದೆ. ಅಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಮುಂತಾದ ಕೆಲಸಗಳನ್ನು ಕಲಿಸುತ್ತಾರೆ. ಹಿಂದೆ ಇಂಥ ಶಾಲೆಗಳಿಗೆ ಹೆಚ್ಚಾಗಿ ಹುಡುಗರೇ ಹೋಗುತ್ತಿದ್ದರು. ಇಂದು ಹುಡುಗಿಯರೂ ಹೋಗುತ್ತಾರೆ. ನಿಮ್ಮ ಅಣ್ಣನೋ ಅಕ್ಕನೋ ಅಲ್ಲಿ ಕಲಿಯುತ್ತಿರಬಹುದು.

ಕೆಲವರು ಪುಸ್ತಕದ ಓದನ್ನು ಮೇಲು, ಕೈಯ ಕೆಲಸವನ್ನು ಕೀಳು ಎಂದು ತಿಳಿಯುತ್ತಾರೆ. ಪಂಡಿತರ ಮನೆಯಲ್ಲಿ ಹುಟ್ಟಿ, ಸಂಸ್ಥಾನದ ದಿವಾನರಾದ ವಿಶ್ವೇಶ್ವರಯ್ಯನವರು ಹಾಗೆ ತಿಳಿಯಲಿಲ್ಲ. ನಾಳೆ ನೀವು ಮಗ್ಗದ ಮುಂದೆ ಕುಳಿತವರನ್ನು, ಮೋಟಾರು ಬಿಚ್ಚಿ ಜೋಡಿಸುವವರನ್ನು, ಕಂಬ ಹತ್ತಿ ತಂತಿ ಕೂಡಿಸುವವರನ್ನು ನೋಡಿದರೆ ಸ್ವಲ್ಪ ಹೊತ್ತು ನಿಂತು ನೋಡಿರಿ. ಅವರ ಕೈಯಲ್ಲಿರುವುದೂ ವಿದ್ಯೆಯೇ. ಆಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ನಾನು ಯಾವ ಕೆಲಸವನ್ನು ಚೆನ್ನಾಗಿ ಕಲಿಯಲಿ?

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ವಿದ್ಯೆಯನ್ನು ಯಾವ ಊರಿನಲ್ಲಿ ಕಲಿತರು?
2. ಮೈಸೂರು ಆರ್ಥಿಕ ಪರಿಷತ್ತಿನ ಮೂರು ಸಮಿತಿಗಳು ಯಾವುವು?
3. ಸೋಪ್ ಶಾಸ್ತ್ರಿ ಎಂದು ಜನ ಯಾರನ್ನು ಕರೆದರು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಯಂತ್ರಗಳು ಬಂದ ಮೇಲೆ ಕಸುಬು ಕಲಿಯುವುದರಲ್ಲಿ ಯಾವ ತೊಂದರೆ ಉಂಟಾಯಿತು?
2. ಗಂಧದ ಕಟ್ಟಿಗೆ ರಾಶಿ ಬೀಳಲು ಕಾರಣವೇನು? ಆಗ ದಿವಾನರು ಏನು ಮಾಡಿದರು?
3. ಭದ್ರಾವತಿಯ ಕೆಲಸದಿಂದ ಬಂದ ಹಣ ಯಾವುದಕ್ಕೆ ಬಳಕೆಯಾಯಿತು?

ಇ) ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ______ರಲ್ಲಿ ಆರಂಭವಾಯಿತು.
2. ಸೆಪ್ಟೆಂಬರ್ 15ನ್ನು ______ ದಿನವೆಂದು ಆಚರಿಸುತ್ತೇವೆ.

ಉಪಕ್ರಮ
ನಿಮ್ಮ ಓಣಿಯಲ್ಲಿ ಕಸುಬು ಬಲ್ಲ ಮೂವರನ್ನು ಭೇಟಿಯಾಗಿರಿ. ಅವರು ಆ ಕೆಲಸವನ್ನು ಯಾರಿಂದ, ಎಷ್ಟು ದಿನ ಕಲಿತರು ಎಂದು ಕೇಳಿ ಬರೆದುಕೊಂಡು ಬಂದು ತರಗತಿಯಲ್ಲಿ ಓದಿರಿ.